ಕಿಡ್ನಿಯ ನರ ಸುಡುವ ಮುನ್ನ

ಬಿಪಿ ಹತೋಟಿಗೆ ಬಾರದವರು ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. "ಮಾತ್ರೆ ಎಷ್ಟು ದಿನ ನುಂಗಬೇಕು?" ಎನ್ನುತ್ತಿದ್ದವರು ಈಗ ಮೊಬೈಲ್ ಮುಂದೆ ಹಿಡಿಯುತ್ತಾರೆ. "ಸಾರ್, ತೊಡೆಸಂದಿನಲ್ಲಿ ಒಂದು ತೂತು ಮಾಡಿ ಕಿಡ್ನಿಯ ನರ ಸುಟ್ಟರೆ ಸಾಕಂತೆ, ಮಾತ್ರೆಯೇ ಬೇಡವಂತೆ, ಹೌದಾ?" ಚಿಕಿತ್ಸೆಯ ಹೆಸರು ರೀನಲ್ ಡಿನರ್ವೇಶನ್. ನಾನು ಅದನ್ನು ಮಾಡುವವನು. ಅದಕ್ಕೆಂದೇ ಬಂದವರಲ್ಲಿ ಹೆಚ್ಚಿನವರನ್ನು ಮಾಡದೆ ವಾಪಸ್ ಕಳಿಸುವವನೂ ನಾನೇ. ಹೃದಯದ ಡಾಕ್ಟರಾಗಿ ಈ ವಿಷಯದಲ್ಲಿ ಕಲಿತದ್ದನ್ನು ನೆನಪಿಗೆ ಬಂದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ನರಕ್ಕೂ ಬಿಪಿಗೂ ಇರುವ ನಂಟು ಹೊಸದಲ್ಲ

ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದಂತೆ, ಕಿಡ್ನಿಗೆ ರಕ್ತ ಒಯ್ಯುವ ನಾಳದ ಹೊರಮೈಗೆ ಸಿಂಪಥೆಟಿಕ್ ನರಗಳು ಹಬ್ಬಿಕೊಂಡಿರುತ್ತವೆ. ಅವು ಎರಡೂ ದಿಕ್ಕಿನಲ್ಲಿ ಮಾತಾಡುತ್ತವೆ. ಮಿದುಳಿನಿಂದ ಬರುವ ಸಂದೇಶ ಕಿಡ್ನಿಗೆ ಹೇಳುವುದು: ಬಿಪಿ ಏರಿಸುವ ರೆನಿನ್ ಬಿಡು, ಉಪ್ಪು ಹಿಡಿದಿಟ್ಟುಕೋ, ನಾಳ ಬಿಗಿ ಮಾಡು. ಕಿಡ್ನಿಯಿಂದ ಮೇಲೆ ಹೋಗುವ ಸಂದೇಶ ಇಡೀ ಮೈಯ ನರಮಂಡಲವನ್ನು ಕೆರಳಿಸುತ್ತದೆ. ಇವೆರಡನ್ನೂ ತಗ್ಗಿಸಿದರೆ ಒತ್ತಡ ಇಳಿಯಬೇಕು ಎನ್ನುವುದು ಈ ಚಿಕಿತ್ಸೆಯ ತರ್ಕ.

ಒಳ್ಳೆಯ ಮಾತ್ರೆಗಳಿಲ್ಲದ ಕಾಲದಲ್ಲಿ ಸರ್ಜನ್‌ಗಳು ಈ ತರ್ಕವನ್ನು ಚಾಕು ಹಿಡಿದೇ ಪರೀಕ್ಷಿಸಿದ್ದರು. ಬೆನ್ನು, ಪಕ್ಕೆ ಸೀಳಿ, ಬೆನ್ನುಹುರಿಯ ಪಕ್ಕದ ನರಗಳನ್ನೇ ಕತ್ತರಿಸುತ್ತಿದ್ದರು. ಅಮೆರಿಕದ ಸ್ಮಿತ್‌ವಿಕ್ ಮತ್ತು ಥಾಂಪ್ಸನ್ 1953ರಲ್ಲಿ ಕೊಟ್ಟ ಲೆಕ್ಕದಲ್ಲಿ, ಶಸ್ತ್ರಚಿಕಿತ್ಸೆಯಾದ 1,266 ಜನರಲ್ಲಿ ಐದು ವರ್ಷದೊಳಗೆ ಸತ್ತವರು ಶೇ. 19; ಮಾಡಿಸಿಕೊಳ್ಳದ 467 ಜನರಲ್ಲಿ ಶೇ. 54. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನವಲ್ಲ ಅದು, ಆದರೂ ಅಂತರ ಸಣ್ಣದಲ್ಲ. ಬೆಲೆಯೂ ಹಾಗೇ ಇತ್ತು. ರೋಗಿ ಎದ್ದು ನಿಂತರೆ ತಲೆಸುತ್ತಿ ಬೀಳುತ್ತಿದ್ದ, ಗಂಡಸರಿಗೆ ಲೈಂಗಿಕ ಶಕ್ತಿ ಹೋಗುತ್ತಿತ್ತು, ಮಲಮೂತ್ರದ ಹಿಡಿತ ತಪ್ಪುತ್ತಿತ್ತು. 1950ರ ದಶಕದ ಕೊನೆಗೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಗಳು ಬಂದ ಮೇಲೆ ಆ ಶಸ್ತ್ರಚಿಕಿತ್ಸೆ ಮೂಲೆ ಸೇರಿತು.

ಮತ್ತೆ ಅದೇ ದಾರಿ ತೆರೆದದ್ದು 2007ರಲ್ಲಿ, ಮೆಲ್ಬರ್ನ್‌ನಲ್ಲಿ. ಹೆನ್ರಿ ಕ್ರಮ್, ಮರ್ರೆ ಎಸ್ಲರ್ ಮೊದಲಾದವರು ಮೈ ಸೀಳದೆ, ನಾಳದ ಒಳಗಿನಿಂದಲೇ ಕ್ಯಾಥೆಟರ್ ಎಂಬ ಸಣ್ಣ ಕೊಳವೆಯ ತುದಿಯ ಬಿಸಿಯಿಂದ ಹೊರಮೈಯ ನರ ಸುಟ್ಟರು. ಫಲಿತಾಂಶ 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

2. ಮೊದಲು ಬಿಪಿ ನಿಜವಾಗಿ ಎಷ್ಟಿದೆ ನೋಡಿ

ಇದನ್ನು ಹೇಳಲು ಸಂಕೋಚವಾಗುವಷ್ಟು ಸಾಮಾನ್ಯ ವಿಷಯ. "ಐದು ಮಾತ್ರೆ ತಗೊಂಡರೂ 180" ಎಂದು ಬಂದವರ ತೋಳು ದಪ್ಪ, ಸುತ್ತಿದ ಪಟ್ಟಿ ಸಣ್ಣದು. ಸಣ್ಣ ಪಟ್ಟಿ ಸುಳ್ಳು ಏರಿಕೆ ತೋರಿಸುತ್ತದೆ. ಬಸ್ ಇಳಿದು, ಮೂರು ಮಹಡಿ ಹತ್ತಿ, ಟೋಕನ್‌ಗೆ ಜಗಳವಾಡಿ ಕುರ್ಚಿಯಲ್ಲಿ ಕೂತ ಕೂಡಲೇ ಅಳೆದರೆ ಯಾರಿಗೆ ತಾನೇ ಏರಿರುವುದಿಲ್ಲ? ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮೌನ. ಅದಕ್ಕೂ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಇಲ್ಲ. ಮೊದಲ ಸಲ ಎರಡೂ ತೋಳಲ್ಲಿ ಅಳೆಯಬೇಕು.

ಆಮೇಲೆ 24 ಗಂಟೆಯ ಅಳತೆ. ಸೊಂಟಕ್ಕೆ ಸಣ್ಣ ಯಂತ್ರ ಕಟ್ಟಿ ಮನೆಗೆ ಕಳಿಸುತ್ತೇವೆ. ನಿದ್ದೆಯಲ್ಲೂ ಅದು ಅಳೆಯುತ್ತಿರುತ್ತದೆ. ಡಾಕ್ಟರ ಮುಖ ಕಂಡರೆ ಮಾತ್ರ ಏರುವ ಬಿಪಿಯವರು ಇಲ್ಲೇ ಬೇರೆಯಾಗುತ್ತಾರೆ. ಅವರಿಗೆ ನರ ಸುಡುವುದರಿಂದ ಲಾಭವೇನೂ ಇಲ್ಲ. "ಈ ಪಟ್ಟಿ ರಾತ್ರಿಯೆಲ್ಲ ತೋಳು ಹಿಂಡಿ ನಿದ್ದೆ ಕೆಡಿಸಿತು" ಎಂದು ಬೈಯುವವರಿದ್ದಾರೆ. ಬೈಯಲಿ. ಈ ಒಂದು ದಿನದ ಅಳತೆ ಮಾಡದೆ ಯಾರನ್ನೂ ಕ್ಯಾಥ್ ಲ್ಯಾಬ್‌ಗೆ ಕರೆಯಬಾರದು.

3. ಮಾತ್ರೆ ಚೀಟಿಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ

ಮಾತ್ರೆಗೆ ಬಗ್ಗದ ಬಿಪಿ ಎನ್ನಲು ಒಂದು ಲೆಕ್ಕವಿದೆ: ಮೂರು ಬಗೆಯ ಔಷಧ, ಅದರಲ್ಲೊಂದು ನೀರಿನ ಮಾತ್ರೆ, ಎಲ್ಲವೂ ತಡೆದುಕೊಳ್ಳುವಷ್ಟು ಪೂರ್ತಿ ಪ್ರಮಾಣದಲ್ಲಿ; ಆದರೂ 140/90ರ ಕೆಳಗೆ ಇಳಿಯದಿರಬೇಕು. ಆದರೆ ಔಷಧ ಹೊಟ್ಟೆಗೆ ಹೋಗುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಇದೇ ಚಿಕಿತ್ಸೆಯ ಬಗ್ಗೆ 2018ರಲ್ಲಿ ಪ್ರಕಟವಾದ ಸ್ಪೈರಲ್ ಆನ್-ಮೆಡ್ ಅಧ್ಯಯನದಲ್ಲಿ ರಕ್ತ, ಮೂತ್ರ ಪರೀಕ್ಷಿಸಿ ನೋಡಿದಾಗ, ಬರೆದುಕೊಟ್ಟ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಸುಮಾರು ಶೇ. 60. ಅಧ್ಯಯನಕ್ಕೆ ಒಪ್ಪಿ ಸಹಿ ಹಾಕಿದವರ ಕಥೆ ಇದು.

ನಾನು ಬೈಯುವುದನ್ನು ಬಿಟ್ಟೆ. "ತಗೊಳ್ತಿದ್ದೀರಾ?" ಎಂದು ಕೇಳಿದರೆ ಉತ್ತರ ಯಾವಾಗಲೂ "ಹೌದು ಸಾರ್". "ವಾರದಲ್ಲಿ ಎಷ್ಟು ದಿನ ತಪ್ಪುತ್ತೆ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಕಾರಣಗಳೂ ಸೋಮಾರಿತನದವಲ್ಲ. ನೀರಿನ ಮಾತ್ರೆ ತೆಗೆದುಕೊಂಡರೆ ಬಸ್ಸಿನಲ್ಲಿ ತೊಂದರೆ ಎನ್ನುವ ಕಂಡಕ್ಟರ್. ಅಮ್ಲೋಡಿಪಿನ್‌ನಿಂದ ಕಾಲು ಬಾತು ಚಪ್ಪಲಿ ಹಿಡಿಯದ ಅಜ್ಜಿ. ಒಣಕೆಮ್ಮು ಬಂದು ರಾಮಿಪ್ರಿಲ್ ಬಿಟ್ಟು, ಬಿಟ್ಟದ್ದನ್ನು ಹೇಳಲು ಹೆದರಿದ ಮೇಷ್ಟ್ರು. ಇವರಿಗೆ ಬೇಕಾದದ್ದು ಬೇರೆ ಮಾತ್ರೆ, ಬೇರೆ ಹೊತ್ತು, ಸಾಧ್ಯವಾದರೆ ಮೂರೂ ಸೇರಿದ ಒಂದೇ ಗುಳಿಗೆ. ಮುಂದಿನ ಭೇಟಿಗೆ ಖಾಲಿ ಸ್ಟ್ರಿಪ್‌ಗಳನ್ನು ತರಲು ಹೇಳುತ್ತೇನೆ.

ಇನ್ನೊಂದು ಕಡೆ, ಮಾತ್ರೆ ನಿಜಕ್ಕೂ ಒಗ್ಗದವರಿದ್ದಾರೆ. ಒಂದಾದ ಮೇಲೊಂದು ಔಷಧ ತೊಂದರೆ ಕೊಡುತ್ತದೆ. ಇವರನ್ನು ಹಟಮಾರಿಗಳೆಂದು ತಳ್ಳಿಹಾಕುವುದು ಅನ್ಯಾಯ. ಈ ಚಿಕಿತ್ಸೆಗೆ ಸರಿಹೊಂದುವವರಲ್ಲಿ ಇವರೂ ಸೇರುತ್ತಾರೆ.

4. ಮರೆಯಲ್ಲಿರುವ ಕಾರಣ ಹುಡುಕಿ

ಈ ಪಾಠಕ್ಕೆ ನಾನು ಬೇರೆಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಬಗ್ಗದ ಬಿಪಿಯವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ಅಡ್ರಿನಲ್ ಗ್ರಂಥಿ ಆಲ್ಡೋಸ್ಟೀರಾನ್ ಎಂಬ ಹಾರ್ಮೋನನ್ನು ಮಿತಿ ಮೀರಿ ಸುರಿಸುತ್ತಿರುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಜೆರೋಮ್ ಕಾನ್ ಇದನ್ನು 1955ರಲ್ಲೇ ವಿವರಿಸಿದ್ದ. ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿಯಾಗಿದ್ದರೆ ಗುಮಾನಿ ಬರಬೇಕು. ಆದರೆ ಪೊಟ್ಯಾಸಿಯಂ ಸರಿಯಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಆಲ್ಡೋಸ್ಟೀರಾನ್ ಮತ್ತು ರೆನಿನ್ ಎರಡನ್ನೂ ಅಳೆದು ತಾಳೆ ನೋಡಬೇಕು. ಒಂದೇ ಕಡೆಯ ಗಂಟು ಕಾರಣವಾಗಿದ್ದರೆ ಅದನ್ನು ತೆಗೆದ ಮೇಲೆ ಕೆಲವರಿಗೆ ಮಾತ್ರೆಯೇ ಬೇಡವಾಗುತ್ತದೆ. ಅಂಥವರ ಕಿಡ್ನಿ ನರ ಸುಟ್ಟು ಕೈತೊಳೆದುಕೊಂಡರೆ ಗುಣವಾಗಬಹುದಾದ ಕಾಯಿಲೆಯನ್ನು ಜೀವನಪೂರ್ತಿ ಉಳಿಸಿಕೊಟ್ಟಂತೆ.

ನಮ್ಮ ದೇಶದಲ್ಲಿ ನೆನಪಿಡಬೇಕಾದ ಇನ್ನೊಂದು ಕಾಯಿಲೆ ತಕಯಾಸು ಆರ್ಟರೈಟಿಸ್. ದೊಡ್ಡ ರಕ್ತನಾಳಗಳ ಗೋಡೆಗೆ ಉರಿಯೂತವಾಗಿ ಅವು ಕಿರಿದಾಗುತ್ತವೆ; ಬರುವುದು ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಿಗೆ. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳನ್ನು "ಟೆನ್ಷನ್‌ಗೆ ಬಿಪಿ" ಎಂಬ ಚೀಟಿಯೊಂದಿಗೆ ಕಳಿಸಿದ್ದರು. ಎಡಗೈ ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಸುಯ್ಯೆನ್ನುವ ಸದ್ದು. ಕಿಡ್ನಿಯ ನಾಳ ಒಂದು ಕಡೆ ಕಿರಿದಾಗಿತ್ತು. ಅವಳಿಗೆ ಬೇಕಿದ್ದದ್ದು ಉರಿಯೂತದ ಔಷಧ. ಅದು ತಣಿದ ಮೇಲೆ ನಾಳ ಹಿಗ್ಗಿಸುವ ಯೋಚನೆ. ನರದ ಪ್ರಶ್ನೆಯೇ ಇಲ್ಲ.

ಉಳಿದವು ಮನೆಯೊಳಗಿನ ಕಾರಣಗಳು. ಹೆಂಡತಿಯನ್ನು ಕೇಳದೆ ಗಂಡನ ಗೊರಕೆಯ ಬಗ್ಗೆ ನಿಜ ತಿಳಿಯುವುದಿಲ್ಲ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ನಿದ್ದೆಯ ಪರೀಕ್ಷೆ ಆಗಬೇಕು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದು ದಿನಾ ನುಂಗುವ ನೋವಿನ ಗುಳಿಗೆ ಬಿಪಿ ಏರಿಸುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳೂ ಹಾಗೇ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ಬಾಯಲ್ಲಿ ಇಟ್ಟುಕೊಂಡೇ ಇರುವ ಹಾಡುಗಾರರನ್ನು, ಪುರೋಹಿತರನ್ನು ಕಂಡಿದ್ದೇನೆ. ಅದು ಅತಿಯಾದರೆ ಮೈಯಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ಥೇಟ್ ಆಲ್ಡೋಸ್ಟೀರಾನ್ ಕಾಯಿಲೆಯಂತೆಯೇ ಕಾಣುತ್ತದೆ. ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮ್‌ಗಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರ ಇವೆಲ್ಲ ಇರುವ ಊಟದಲ್ಲಿ "ನಾನು ಮೇಲೆ ಉಪ್ಪು ಹಾಕಿಕೊಳ್ಳಲ್ಲ" ಎನ್ನುವುದರಿಂದ ಏನೂ ಆಗದು.

5. ನಾಲ್ಕನೆಯ ಮಾತ್ರೆಗೆ ಅವಕಾಶ ಕೊಡಿ

ಸ್ಪೈರೋನೊಲ್ಯಾಕ್ಟೋನ್ ಹಳೆಯದು, ಅಗ್ಗ, ಅದರ ಜಾಹೀರಾತು ಮಾಡುವವರಿಲ್ಲ. 2015ರ ಪಾಥ್‌ವೇ-2 ಅಧ್ಯಯನದಲ್ಲಿ, ಮೂರು ಔಷಧಕ್ಕೂ ಬಗ್ಗದವರಿಗೆ ಇದನ್ನು ಸೇರಿಸಿದಾಗ ಮೇಲಿನ ಒತ್ತಡ ಹುಸಿ ಮಾತ್ರೆಗಿಂತ ಸುಮಾರು 8.7 ಮಿ.ಮೀ. ಹೆಚ್ಚು ಇಳಿಯಿತು. ನರ ಸುಟ್ಟು ಸಿಗುವುದಕ್ಕೆ ಇದು ಸರಿಸಮ, ಒಮ್ಮೊಮ್ಮೆ ಮಿಗಿಲು. ಪೊಟ್ಯಾಸಿಯಂ ಏರುವುದನ್ನು ಗಮನಿಸುತ್ತಿರಬೇಕು. ಕೆಲವು ಗಂಡಸರಿಗೆ ಎದೆ ಬಾತು ನೋಯುತ್ತದೆ. ಆದರೂ ಈ ಮಾತ್ರೆ ಕೊಟ್ಟು ನೋಡದೆ ಕ್ಯಾಥೆಟರ್ ಎತ್ತುವುದು ನನಗೆ ಒಪ್ಪಿತವಲ್ಲ.

6. ಸುಡದೆಯೂ ಬಿಪಿ ಇಳಿಯುತ್ತದೆ

2010ರಲ್ಲಿ ಈ ಚಿಕಿತ್ಸೆಯ ಸಿಂಪ್ಲಿಸಿಟಿ ಎಚ್‌ಟಿಎನ್-2 ಅಧ್ಯಯನದ ಫಲಿತಾಂಶ ಬಂದಾಗ ನಮ್ಮ ಸಮ್ಮೇಳನಗಳಲ್ಲಿ ಹಬ್ಬದ ವಾತಾವರಣ. ಆರು ತಿಂಗಳಲ್ಲಿ ಮೇಲಿನ ಒತ್ತಡ 32 ಮಿ.ಮೀ. ಇಳಿದಿತ್ತು. ಯಾವ ಮಾತ್ರೆ ಅಷ್ಟು ಇಳಿಸುತ್ತದೆ? ಯೂರೋಪಿನಲ್ಲಿ ಸಾವಿರಾರು ಜನರಿಗೆ ಮಾಡಿದರು. ಆದರೆ ಆ ಅಧ್ಯಯನದಲ್ಲಿ ಯಾರಿಗೆ ಚಿಕಿತ್ಸೆಯಾಗಿದೆ, ಯಾರಿಗೆ ಆಗಿಲ್ಲ ಎಂಬುದು ರೋಗಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ಅಮೆರಿಕದವರು ಎಚ್‌ಟಿಎನ್-3ರಲ್ಲಿ 535 ಜನರನ್ನು ತೆಗೆದುಕೊಂಡರು. ಎಲ್ಲರಿಗೂ ಮಂಪರು ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಸಂಗೀತ ಹಾಕಿ ಕಿಡ್ನಿ ನಾಳದ ಆಂಜಿಯೋಗ್ರಾಂ ಮಾಡಿದರು. ಮೂರರಲ್ಲಿ ಎರಡು ಪಾಲಿಗೆ ನರ ಸುಟ್ಟರು; ಉಳಿದವರಿಗೆ ಸುಟ್ಟಂತೆ ನಟಿಸಿದರು. 2014ರಲ್ಲಿ ಉತ್ತರ ಬಂತು: ನರ ಸುಟ್ಟ ಗುಂಪಿನಲ್ಲಿ 14.1 ಇಳಿಕೆ, ಸುಡದ ಗುಂಪಿನಲ್ಲಿ 11.7. ಅಂತರ ಎರಡೂವರೆಗೂ ಕಮ್ಮಿ, ಲೆಕ್ಕಕ್ಕೆ ಬಾರದ್ದು. ಮೇಜಿನ ಮೇಲೆ ಮಲಗಿದ್ದಕ್ಕೇ, ಡಾಕ್ಟರು, ನರ್ಸ್ ಗಮನ ಕೊಟ್ಟಿದ್ದಕ್ಕೇ, ಮಾತ್ರೆ ಮತ್ತೆ ನೆಟ್ಟಗೆ ತೆಗೆದುಕೊಂಡಿದ್ದಕ್ಕೇ ಬಿಪಿ ಇಳಿದಿರಬಹುದು. ಒಂದೇ ರಾತ್ರಿಯಲ್ಲಿ ಉತ್ಸಾಹವೆಲ್ಲ ತಣ್ಣಗಾಯಿತು.

ಈ ಸೋಲನ್ನು ಬಿಚ್ಚಿ ನೋಡಿದ ರೀತಿ ನನಗೆ ಮೆಚ್ಚುಗೆ. ಸುಮಾರು ಶೇ. 39 ಜನರ ಔಷಧ ಅಧ್ಯಯನದ ನಡುವೆಯೇ ಬದಲಾಗಿತ್ತು. ಚಿಕಿತ್ಸೆ ಮಾಡಿದ ವೈದ್ಯರಲ್ಲಿ ಹಲವರಿಗೆ ಅದು ಮೊದಲ ಕೇಸು. ಒಂದೇ ಎಲೆಕ್ಟ್ರೋಡ್‌ನ ಕ್ಯಾಥೆಟರನ್ನು ಕೈಯಿಂದ ತಿರುಗಿಸಿ ತಿರುಗಿಸಿ ಸುಡಬೇಕಿತ್ತು. ಎರಡೂ ಕಿಡ್ನಿಗಳ ನಾಳದ ನಾಲ್ಕೂ ಪಕ್ಕ ಸರಿಯಾಗಿ ಸುಟ್ಟದ್ದು ತೀರಾ ಕೆಲವರಲ್ಲಿ. ಆಮೇಲೆ ಕ್ಯಾಥೆಟರ್ ಬದಲಾಯಿತು, ಪರೀಕ್ಷೆಯ ವಿಧಾನ ಬಿಗಿಯಾಯಿತು. ಮಾತ್ರೆ ನಿಲ್ಲಿಸಿದವರಲ್ಲೇ ರೇಡಿಯೋ ತರಂಗದಿಂದ ಮಾಡಿದ ಸ್ಪೈರಲ್ ಪಿವೊಟಲ್ 2020ರಲ್ಲಿ 24 ಗಂಟೆಯ ಅಳತೆಯಲ್ಲಿ ಹುಸಿ ಚಿಕಿತ್ಸೆಗಿಂತ ಸುಮಾರು 4 ಮಿ.ಮೀ. ಹೆಚ್ಚು ಇಳಿಕೆ ತೋರಿಸಿತು. ಶ್ರವಣಾತೀತ ತರಂಗದ (ಅಲ್ಟ್ರಾಸೌಂಡ್) ರೇಡಿಯನ್ಸ್-2 ಅಧ್ಯಯನ 2023ರಲ್ಲಿ ಹಗಲಿನ ಅಳತೆಯಲ್ಲಿ 6.3 ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಎರಡೂ ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು. ಆದರೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ದೊಡ್ಡ ಸ್ಪೈರಲ್ ಅಧ್ಯಯನ 24 ಗಂಟೆಯ ಅಳತೆಯಲ್ಲಿ ಗುರಿ ಮುಟ್ಟಿರಲಿಲ್ಲ. ಒಪ್ಪಿಗೆಗೆ ಮುಂಚಿನ ಸಲಹಾ ಸಮಿತಿಯೂ ರೇಡಿಯೋ ತರಂಗದ ಉಪಕರಣದ ಬಗ್ಗೆ ಹೆಚ್ಚುಕಡಿಮೆ ಅರ್ಧರ್ಧ ಒಡೆದಿತ್ತು. ಜಾಹೀರಾತಿನಲ್ಲಿ ಈ ಸಾಲುಗಳು ಇರುವುದಿಲ್ಲ.

7. ಮೇಜಿನ ಮೇಲೆ

ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು ಇದೂ ಅಷ್ಟೇ ಸಲೀಸು ಎಂದುಕೊಂಡು ಬರುತ್ತಾರೆ. ಹಾಗಲ್ಲ. ಇಲ್ಲಿ ನರವನ್ನೇ ಸುಡುತ್ತಿದ್ದೇವೆ, ನೋಯುತ್ತದೆ. "ಬೆನ್ನೊಳಗೆ ಯಾರೋ ಹಿಂಡಿದ ಹಾಗಾಗುತ್ತೆ ಸಾರ್" ಎನ್ನುತ್ತಾರೆ. ಬಿಸಿ ನಿಲ್ಲಿಸಿದೊಡನೆ ನೋವೂ ನಿಲ್ಲುತ್ತದೆ. ಆದ್ದರಿಂದ ಮಂಪರು, ಫೆಂಟಾನಿಲ್‌ನಂಥ ಗಟ್ಟಿ ನೋವು ನಿವಾರಕ ಮೊದಲೇ ಕೊಟ್ಟಿರಬೇಕು. ನೋವಿಗೆ ರೋಗಿ ಅಲುಗಿದರೆ ಕ್ಯಾಥೆಟರ್ ಜಾರುತ್ತದೆ. ಅರಿವಳಿಕೆಯವರು ಪಕ್ಕದಲ್ಲೇ ಇರಬೇಕು, ಫೋನಿನಲ್ಲಲ್ಲ.

ಮುಂಚೆಯೇ ಸಿಟಿ ಆಂಜಿಯೋ ನೋಡಿಕೊಂಡಿರಬೇಕು. ನಾಲ್ವರಲ್ಲೊಬ್ಬರಿಗಾದರೂ ಕಿಡ್ನಿಗೆ ಹೆಚ್ಚುವರಿ ನಾಳವಿರುತ್ತದೆ. ಅದನ್ನು ಬಿಟ್ಟರೆ ಅದರ ಮೇಲಿನ ನರ ಹಾಗೇ ಉಳಿಯುತ್ತದೆ. ನಾಳ 3 ಮಿ.ಮೀ.ಗಿಂತ ಸಣ್ಣದಿದ್ದರೆ ಸುಡುವಂತಿಲ್ಲ. ಮಹಾಧಮನಿಯ ಬಳಿ ನರಗಳು ನಾಳದ ಒಳಗೋಡೆಯಿಂದ ದೂರ ಇರುತ್ತವೆ, ಕಿಡ್ನಿಯತ್ತ ಹೋದಂತೆ ಹತ್ತಿರ ಬರುತ್ತವೆ. ರೇಡಿಯೋ ತರಂಗದ ಸುರುಳಿ ಕ್ಯಾಥೆಟರ್‌ನಲ್ಲಿ ನಾವು ಕವಲುಗಳಿಗೂ ಹೋಗುವುದು ಇದಕ್ಕೇ. ನಾಲ್ಕು ಎಲೆಕ್ಟ್ರೋಡ್, ಒಂದೊಂದು ಸುತ್ತಿಗೆ 60 ಸೆಕೆಂಡು. ಎರಡೂ ಕಿಡ್ನಿ, ಎಲ್ಲ ಕವಲು ಮುಗಿಸಲು ತಾಳ್ಮೆ ಬೇಕು. ಶ್ರವಣಾತೀತ ತರಂಗದ್ದು ಬೇರೆ ಬಗೆ: ಬಲೂನಿನೊಳಗೆ ತಣ್ಣೀರು ಹರಿದು ಒಳಗೋಡೆಯನ್ನು ಕಾಪಾಡುತ್ತದೆ, ಬಿಸಿ ಹೊರಮೈಯಲ್ಲಿ ಮಾತ್ರ, ಒಂದು ಸಲಕ್ಕೆ 7 ಸೆಕೆಂಡು. ನಾಳ ಬಿಗಿದುಕೊಂಡರೆ ನೈಟ್ರೋಗ್ಲಿಸರಿನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ಇವು ದಿನನಿತ್ಯದ ಕೆಲಸ.

ಸ್ಟೆಂಟ್ ಹಾಕುವವರಿಗೆ ಒಗ್ಗದ ವಿಷಯ ಬೇರೆಯೇ ಇದೆ. ಸ್ಟೆಂಟ್ ಹಾಕಿದರೆ ರಕ್ತ ಹರಿಯುವುದು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ. ಇಲ್ಲಿ ನರ ಸುಟ್ಟಿತೋ ಇಲ್ಲವೋ ತೋರಿಸುವ ಗುರುತು ದಿನನಿತ್ಯದ ಬಳಕೆಯಲ್ಲಿ ಇನ್ನೂ ಇಲ್ಲ. ಚಿತ್ರ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಹಾಗೇ ಇರಲಿ ಎಂದೇ ಹಾರೈಸುತ್ತೇವೆ. ಆದ್ದರಿಂದ ಶಿಸ್ತೇ ಗತಿ.

8. ಮರುದಿನದ ಬಿಪಿಗೆ ಬೆಲೆಯಿಲ್ಲ

ಮರುದಿನ ಬೆಳಿಗ್ಗೆ 120 ಕಂಡು ಮನೆಯವರು ಸಿಹಿ ಹಂಚುತ್ತಾರೆ. ಉಪವಾಸ, ಮಂಪರು, ಮಲಗಿಯೇ ಇದ್ದದ್ದು ಇವೆಲ್ಲ ಸೇರಿದ 120 ಅದು. ನಿಜವಾದ ಇಳಿಕೆ ವಾರಗಳು, ತಿಂಗಳುಗಳಲ್ಲಿ ನಿಧಾನವಾಗಿ ಆಗುತ್ತದೆ. ನಾನು ಮೂರು ತಿಂಗಳಿಗೆ ಮುಂಚೆ ತೀರ್ಪು ಕೊಡುವುದಿಲ್ಲ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ತಾವಾಗಿ ಬಿಡುವಂತಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಹೇಳಿಕೊಳ್ಳುವಂಥ ಇಳಿಕೆಯೇ ಬರುವುದಿಲ್ಲ. ಅವರು ಯಾರೆಂದು ಮೊದಲೇ ಹೇಳುವ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಇದನ್ನು ಒಪ್ಪಿಗೆ ಪತ್ರಕ್ಕೆ ಮುಂಚೆ ಹೇಳಬೇಕು, ಆಮೇಲೆ ಅಲ್ಲ.

9. ಐದಾರು ಮಿ.ಮೀ. ಸಣ್ಣದೇ?

"ಇಷ್ಟು ಖರ್ಚು ಮಾಡಿ ಆರೇ ಪಾಯಿಂಟಾ?" ಎಂದು ಲೆಕ್ಕಿಗರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಮೇಲಿನ ಒತ್ತಡ 10 ಮಿ.ಮೀ. ಇಳಿದರೆ ಹೃದಯ, ರಕ್ತನಾಳದ ದೊಡ್ಡ ಅವಘಡಗಳು ಸುಮಾರು ಶೇ. 20, ಪಾರ್ಶ್ವವಾಯು ಶೇ. 27 ಕಮ್ಮಿಯಾಗುತ್ತವೆ ಎಂದು ಮಾತ್ರೆಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2016ರ ಲೆಕ್ಕ ಹೇಳುತ್ತದೆ. ಆ ದೃಷ್ಟಿಯಿಂದ ಆರು ಸಣ್ಣದಲ್ಲ. ಅದೂ ಮಾತ್ರೆ ಮರೆತ ದಿನವೂ ಇರುವ ಆರು. ಆದರೆ ನರ ಸುಟ್ಟದ್ದರಿಂದಲೇ ಪಾರ್ಶ್ವವಾಯು, ಸಾವು ತಪ್ಪಿದವು ಎಂದು ನೇರವಾಗಿ ತೋರಿಸಿದ ದೊಡ್ಡ ಅಧ್ಯಯನ ಇನ್ನೂ ಇಲ್ಲ. 170 ಇದ್ದವರು 164ಕ್ಕೆ ಬಂದರೆ ಮಾತ್ರೆ ಮುಂದುವರಿಯಲೇಬೇಕು. "ಮಾತ್ರೆಯೇ ಬೇಡ" ಎಂಬ ಮಾತು ಬಹುತೇಕರಿಗೆ ಸುಳ್ಳು.

10. ಅಪಾಯ ಕಮ್ಮಿ, ಸೊನ್ನೆಯಲ್ಲ

ತೊಡೆಸಂದಿನಲ್ಲಿ ರಕ್ತ ಕಟ್ಟುವುದು ಹೆಚ್ಚು ಕಾಣುವ ತೊಂದರೆ. ನಾಳ ಪರದೆಯಲ್ಲಿ ಕಾಣಲೆಂದು ಬಿಡುವ ಡೈನಿಂದ ಕಿಡ್ನಿಗೆ ಪೆಟ್ಟಾಗಬಹುದು. ಕಿಡ್ನಿ ನಾಳ ಆಮೇಲೆ ಕಿರಿದಾಗುವುದು ವರ್ಷಕ್ಕೆ ಸಾವಿರಕ್ಕೆ ಇಬ್ಬರಲ್ಲಿ. ನಾಳ ಸೀಳುವುದು ಅಪರೂಪ.

11. ಯಾರಿಗೆ, ಎಲ್ಲಿ, ಎಷ್ಟಕ್ಕೆ

ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ನಮ್ಮ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿಪಿ. ಇವರಲ್ಲಿ ಬಹುಪಾಲು ಜನರಿಗೆ ಬೇಕಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗುವ ಮಾತ್ರೆ, ನೆಟ್ಟಗೆ ಅಳೆಯುವ ಒಂದು ಯಂತ್ರ. ಲಕ್ಷಗಳ ಲೆಕ್ಕದ, ಒಮ್ಮೆ ಬಳಸಿ ಎಸೆಯುವ ಕ್ಯಾಥೆಟರ್ ಅಲ್ಲ. ಯೂರೋಪಿನ ಹೃದ್ರೋಗ ಸಂಘ 2024ರ ಮಾರ್ಗಸೂಚಿಯಲ್ಲಿ ಇದನ್ನು "ಪರಿಗಣಿಸಬಹುದು" ಎಂಬ ಮೆಲುದನಿಯ ಪಟ್ಟಿಗೆ ಸೇರಿಸಿದೆ: ಮೂರು ಔಷಧಕ್ಕೂ ಬಗ್ಗದವರಿಗೆ, ರೋಗಿ ತಾನೇ ತಿಳಿದು ಬಯಸಿದರೆ, ಅನುಭವವಿರುವ ಕೇಂದ್ರದಲ್ಲಿ ಮಾತ್ರ. ಮೊದಲ ಚಿಕಿತ್ಸೆಯಾಗಿ ಬೇಡ, ಕಿಡ್ನಿ ತೀರಾ ಸೋತವರಿಗೂ ಬೇಡ. ನನ್ನ ತೀರ್ಪೂ ಇದೇ.

ನಿಮಗೆ ಯಾರಾದರೂ ಈ ಚಿಕಿತ್ಸೆ ಸೂಚಿಸಿದರೆ ನಾಲ್ಕು ಪ್ರಶ್ನೆ ಕೇಳಿ. ನನ್ನ 24 ಗಂಟೆಯ ಬಿಪಿ ಎಷ್ಟಿತ್ತು? ಆಲ್ಡೋಸ್ಟೀರಾನ್, ರೆನಿನ್ ನೋಡಿದ್ದೀರಾ? ಸ್ಪೈರೋನೊಲ್ಯಾಕ್ಟೋನ್ ನನಗೇಕೆ ಆಗುವುದಿಲ್ಲ? ಈ ಚಿಕಿತ್ಸೆಯನ್ನು ಇಲ್ಲಿ ಇದುವರೆಗೆ ಎಷ್ಟು ಮಂದಿಗೆ ಮಾಡಿದ್ದೀರಿ, ಅವರ ಬಿಪಿ ಆರು ತಿಂಗಳ ಮೇಲೆ ಎಷ್ಟಿದೆ? ನಾಲ್ಕಕ್ಕೂ ಅಂಕಿಯ ಸಮೇತ ಉತ್ತರ ಬರುವವರೆಗೆ ಸಹಿ ಹಾಕಬೇಡಿ.